ಬಡಗಿಯ ಮಗಳ ಕಾಲು

"ಗುರುಗಳೇ, ಕಣ್ಣಿಗೆ ಕಂಡ ತಪ್ಪನ್ನು ತಿದ್ದದೆ ಬಿಡುವುದು ಹೇಗೆ?" ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಓದು ಕಲಿಸುತ್ತಿದ್ದ. ಅವನ ತರಗತಿಯಲ್ಲಿ ಒಬ್ಬ ಹುಡುಗಿ ಓದುವಾಗ ತಡವರಿಸುತ್ತಿದ್ದಳು. ಒತ್ತಕ್ಷರ ಬಂದರೆ ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಚೆನ್ನವೀರ ಪ್ರತಿ ಪದಕ್ಕೂ ಅವಳನ್ನು ನಿಲ್ಲಿಸಿ ತಿದ್ದುತ್ತಿದ್ದ. ಈಗೀಗ ಅವಳು ಪುಸ್ತಕ ತೆರೆದರೂ ಬಾಯಿ ತೆರೆಯುತ್ತಿರಲಿಲ್ಲ. ಸ್ವಲ್ಪ ಕಾಲ ಅವಳ ಪಾಡಿಗೆ ಅವಳನ್ನು ಓದಲು ಬಿಡು ಎಂದು ಗುರುಗಳು ಹೇಳಿದ್ದರು. ಅವನು ಬಿಟ್ಟಿರಲಿಲ್ಲ. ಮತ್ತೆ ಬಂದು ಅದನ್ನೇ ಕೇಳುತ್ತಿದ್ದ.

"ಹೇಳಿದ್ದೆನಲ್ಲ" ಎಂದರು ಗುರುಗಳು.

"ಹೇಳಿದ್ದಿರಿ. ಆದರೆ ತಪ್ಪು ಓದುವುದನ್ನು ಕೇಳಿಕೊಂಡು ಸುಮ್ಮನೆ ಕೂರಲು ನನ್ನಿಂದ ಆಗುತ್ತಿಲ್ಲ. ಬಿಟ್ಟರೆ ಆ ತಪ್ಪೇ ಗಟ್ಟಿಯಾದರೆ?"

ಗುರುಗಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರ ಮುಖದಲ್ಲಿ ಬೇಸರ ಕಾಣುತ್ತಿತ್ತು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಕೇಳುತ್ತಾ ನಿನಗೆ ಸಿಟ್ಟು ಬರುತ್ತದೆ. ಹೇಳುತ್ತಾ ನನಗೂ ಬರುತ್ತದೆ. ಆದರೂ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಹೆಸರು ಮೌನಪ್ಪ. ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ನೆಲಕ್ಕೆ ಉಜ್ಜುತ್ತಿರಲಿಲ್ಲ. ಅವನು ಮಾಡಿದ ಕಿಟಕಿ ಮುಚ್ಚಿದರೆ ಬೆಳಕಿನ ಗೆರೆ ಕಾಣುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಅವರ ಬಾಗಿಲ ಚೌಕಟ್ಟನ್ನು ನೋಡುತ್ತಿದ್ದ. ಎಲ್ಲಾದರೂ ವಾರೆ ಕಂಡರೆ ಕೂತಲ್ಲಿ ಕೂರಲಾರ. ಒಮ್ಮೆ ನೆಂಟರ ಮನೆಯಲ್ಲಿ ಊಟಕ್ಕೆ ಎಲೆ ಹಾಕಿದ ಮೇಲೆ ಎದ್ದು ಹೋಗಿ ಅವರ ಅಡುಗೆಮನೆ ಬಾಗಿಲಿನ ಕೀಲು ಬಿಚ್ಚಿದ್ದ. ಅನ್ನ ಆರಿಹೋಯಿತು. ಆದರೆ ಬಾಗಿಲು ಸರಿಯಾಯಿತು.

ಅವನ ಹೆಂಡತಿಯ ಹೆಸರು ಕಾಳಮ್ಮ. ಒಬ್ಬಳೇ ಮಗಳು. ಅಂಬುಜೆ ಎಂದು ಹೆಸರಿಟ್ಟು ಅಂಬು ಎಂದು ಕರೆಯುತ್ತಿದ್ದರು. ಐದು ವರ್ಷದವಳು.

ಮನೆಯ ಪಕ್ಕದ ಚಪ್ಪರವೇ ಮೌನಪ್ಪನ ಕೆಲಸದ ಜಾಗ. ಅಲ್ಲಿ ಗೋಡೆಗೆ ಒತ್ತಿ ಹೊಸ ಹಲಗೆಗಳನ್ನು ಒಟ್ಟಿದ್ದ. "ಅವನ್ನು ಒಳಗೆ ಇಡಿ, ಹುಡುಗಿ ಹತ್ತುತ್ತಾಳೆ" ಎಂದು ಕಾಳಮ್ಮ ಹೇಳಿದಳು. "ನಾಳೆ ಇಡುತ್ತೇನೆ" ಎಂದ. ಮರುದಿನ ಬೆಳಿಗ್ಗೆ ಅಂಬು ಹತ್ತಿದಳು. ಮೇಲಿನ ಹಲಗೆ ಜಾರಿತು. ಅವಳ ಪಾದ ಎರಡು ಹಲಗೆಗಳ ಸಂದಿನಲ್ಲಿ ಸಿಕ್ಕಿಕೊಂಡಿತು, ಮೈ ಈಚೆಗೆ ಬಿತ್ತು. ಮೌನಪ್ಪ ಓಡಿ ಬಂದು ಎತ್ತಿಕೊಳ್ಳುವಷ್ಟರಲ್ಲಿ ಪಾದದ ಗಿಣ್ಣು ಊದಿತ್ತು.

ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಎಲುಬಿನ ಡಾಕ್ಟರಮ್ಮ ಇದ್ದರು. ಎಕ್ಸ್-ರೇ ತೆಗೆಸಿದರು. ಗಿಣ್ಣಿನ ಹತ್ತಿರ ಎಲುಬು ಮುರಿದು ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಮಗುವಿಗೆ ನೋವು ಗೊತ್ತಾಗದ ಹಾಗೆ ಔಷಧಿ ಕೊಟ್ಟರು. ಪಾದವನ್ನು ಮೆಲ್ಲಗೆ ಒಂದು ಸಲ ಎಳೆದು ಎಲುಬನ್ನು ಕೂಡಿಸಿದರು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಮತ್ತೆ ಎಕ್ಸ್-ರೇ ತೆಗೆಸಿ ನೋಡಿ, ಆಯಿತು ಎಂದರು.

"ಆಪರೇಷನ್ ಬೇಕಾಗುತ್ತದೆಯೇ ಅಮ್ಮಾ?" ಎಂದು ಕಾಳಮ್ಮ ಕೇಳಿದಳು.

"ಬೇಡ. ಚಿಕ್ಕ ಮಗು. ಕಟ್ಟಿ ಬಿಟ್ಟರೆ ಕೂಡಿಕೊಳ್ಳುತ್ತದೆ. ಕಾಲ ಕೆಳಗೆ ದಿಂಬು ಇಡಿ. ನೀರು ತಾಗಿಸಬೇಡಿ. ನಡೆಸಬೇಡಿ. ಬೆರಳು ಊದಿದರೆ ಅಥವಾ ಬಣ್ಣ ತಿರುಗಿದರೆ ತಕ್ಷಣ ಬನ್ನಿ. ಇಲ್ಲವಾದರೆ ಮುಂದಿನ ಸೋಮವಾರ ಬನ್ನಿ."

ಕಾಳಮ್ಮ ಕೈ ಮುಗಿದು ಮಗುವನ್ನು ಎತ್ತಿಕೊಂಡಳು. ಮೌನಪ್ಪ ಮಾತ್ರ ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದ. ಜೇಬಿನಿಂದ ತನ್ನ ಮಡಿಸುವ ಅಡಿಪಟ್ಟಿ ತೆಗೆದು ಅದರ ಮೇಲೆ ಇಟ್ಟ.

"ಅಮ್ಮಾ, ಇಲ್ಲಿ ಇನ್ನೂ ವಾರೆ ಇದೆ."

"ಇದೆ."

"ಇದ್ದರೆ ಹೇಗೆ? ಇಷ್ಟು ವಾರೆ ಇಟ್ಟು ನಾನು ಬಾಗಿಲು ಕೂರಿಸಿದರೆ ಜನ ಮುಖಕ್ಕೆ ಉಗಿಯುತ್ತಾರೆ."

"ನಿಮ್ಮ ಬಾಗಿಲು ಬೆಳೆಯುವುದಿಲ್ಲ ಮೌನಪ್ಪ. ಇವಳು ಬೆಳೆಯುತ್ತಾಳೆ. ಬೆಳೆಯುತ್ತಾ ಇಷ್ಟು ವಾರೆಯನ್ನು ಎಲುಬು ತಾನೇ ತಿದ್ದಿಕೊಳ್ಳುತ್ತದೆ. ಇಲ್ಲಿ ನೋಡಿ, ಮುರಿದ ಜಾಗದ ಪಕ್ಕದಲ್ಲೇ ಎಲುಬು ಬೆಳೆಯುವ ಜಾಗ ಇದೆ. ಬಹಳ ಮೆತ್ತಗಿನ ಜಾಗ. ನಾನು ಒಂದು ಸಲ ಎಳೆದಿದ್ದೇನೆ. ಮತ್ತೆ ಎಳೆದರೆ ಅದು ಕೆಡಬಹುದು. ಕೆಟ್ಟರೆ ಒಂದು ಕಡೆ ಬೆಳೆದು ಒಂದು ಕಡೆ ನಿಂತುಬಿಡುತ್ತದೆ. ಅದಕ್ಕೇ ಹೇಳುವುದು, ಇನ್ನು ಯಾರೂ ಮುಟ್ಟಬೇಡಿ. ನಾನೂ ಮುಟ್ಟುವುದಿಲ್ಲ."

ಇದಕ್ಕಿಂತ ಬಿಡಿಸಿ ಹೇಳಲು ಯಾರಿಂದಾದರೂ ಆಗುತ್ತದೆಯೇ? ಮೌನಪ್ಪ ತಲೆಯಾಡಿಸಿದ. ತಲೆ ಮಾತ್ರ ಆಡಿಸಿದ.

ಮನೆಯಲ್ಲಿ ಹಗಲು ಅಂಬುವನ್ನು ಪಡಸಾಲೆಯ ಮಂಚದ ಮೇಲೆ ಕೂರಿಸುತ್ತಿದ್ದರು. ಮೊದಲು ನೋವೆಂದು ಅತ್ತಳು. ಆಮೇಲೆ ನೋವು ಇಳಿಯಿತು. ಪಕ್ಕದ ಮನೆಯ ಹುಡುಗಿಯರು ಬಂದು ಮಂಚದ ಮೇಲೆಯೇ ಕಲ್ಲಾಟ ಆಡತೊಡಗಿದರು. ಅಂಬು ಸೋತರೆ ಕಾಲು ತೋರಿಸಿ ಇನ್ನೊಂದು ಆಟ ಕೊಡಿ ಎನ್ನುತ್ತಿದ್ದಳು. ಅವರು ಕೊಡುತ್ತಿದ್ದರು. ಕಾಳಮ್ಮ ರೊಟ್ಟಿ ಬಡಿಯುತ್ತಾ ಒಳಗಿನಿಂದಲೇ ಅವರ ಗಲಾಟೆ ಕೇಳುತ್ತಿದ್ದಳು. ಮಗು ನಗುತ್ತಿದ್ದರೆ ಅವಳಿಗೆ ಅಷ್ಟೇ ಸಾಕಿತ್ತು.

ಮೌನಪ್ಪನಿಗೆ ಸಾಲಲಿಲ್ಲ. ಹಲಗೆಯ ವಿಷಯದಲ್ಲಿ ಯಾರೂ ಅವನನ್ನು ದೂರಲಿಲ್ಲ. ಕಾಳಮ್ಮ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದನೋ ಏನೋ. ಅವನು ಹಲಗೆಗಳನ್ನೆಲ್ಲ ಒಳಗೆ ಹಾಕಿ ಚಪ್ಪರ ಗುಡಿಸಿದ. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಕೈ ಕಟ್ಟಿ ಕೂರುವುದು ಅವನಿಗೆ ಗೊತ್ತಿರಲಿಲ್ಲ. ಕೆಲಸಕ್ಕೆ ಕೂತರೆ ಹಲಗೆ ಹೆರೆಯುವ ರಂದಾ ಅರ್ಧಕ್ಕೆ ನಿಲ್ಲಿಸಿ ಎದ್ದು ಬರುತ್ತಿದ್ದ. ಬಂದು ಮಂಚದ ಪಕ್ಕ ನಿಲ್ಲುತ್ತಿದ್ದ.

"ನೋಯುತ್ತಾ ಅಂಬು?"

"ಇಲ್ಲ ಅಪ್ಪಾ."

"ಇಲ್ಲಿ?"

"ಇಲ್ಲ."

"ಬೆರಳು ಆಡಿಸು. ಹಾಗಲ್ಲ, ಇನ್ನೂ. ಈಗ ನೋಯುತ್ತಾ?"

"ಇಲ್ಲ."

"ನಿಜ ಹೇಳು ಕೂಸೇ. ಅಪ್ಪನ ಹತ್ತಿರ ಸುಳ್ಳು ಹೇಳಬಾರದು."

ಬೆಳಿಗ್ಗೆ ಇದೇ. ಊಟದ ಹೊತ್ತಿಗೆ ಇದೇ. ಆಟದ ನಡುವೆ ಇದೇ. ಅಂಬು ಕಲ್ಲು ಮೇಲಕ್ಕೆ ಎಸೆದಿದ್ದರೆ ಅದು ಕೆಳಗೆ ಬೀಳುವಷ್ಟರಲ್ಲಿ ಅಪ್ಪ ಬಂದಿರುತ್ತಿದ್ದ. ಪಕ್ಕದ ಮನೆಯ ಹುಡುಗಿಯರು ಅವನನ್ನು ನೋಡಿದರೆ ಎದ್ದು ಹೋಗುವುದಕ್ಕೆ ಶುರು ಮಾಡಿದರು.

"ನಾಲ್ಕು ದಿನ ಅವಳನ್ನು ಅವಳ ಪಾಡಿಗೆ ಬಿಡಿ, ನಿಮ್ಮ ಕೈ ಮುಗಿಯುತ್ತೇನೆ" ಎಂದಳು ಕಾಳಮ್ಮ.

"ವಾರೆ ಇದೆ ಕಣೇ. ನಾನು ಅಳೆದಿದ್ದೇನೆ."

"ಡಾಕ್ಟರಮ್ಮ ಇರಲಿ ಎಂದರಲ್ಲ."

"ಅವರ ಮಗಳಾಗಿದ್ದರೆ ಇರಲಿ ಎನ್ನುತ್ತಿದ್ದರೇ?"

ಕಾಳಮ್ಮ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡಳು.

ಸೋಮವಾರ ಬನ್ನಿ ಎಂದಿದ್ದರೆ ಅವನು ಶುಕ್ರವಾರವೇ ಹೋದ. ಮಗುವನ್ನು ಬಿಟ್ಟು ಎಕ್ಸ್-ರೇ ಹಾಳೆ ಮಾತ್ರ ಹಿಡಿದುಕೊಂಡು ಹೋದ. ಡಾಕ್ಟರಮ್ಮ ಮತ್ತೆ ವಿವರಿಸಿದರು. ಶನಿವಾರವೂ ಹೋದ. ಅಂದು ಅವರು ಹಾಳೆಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ರೀ ಮೌನಪ್ಪ, ಹೊರಗೆ ಎಷ್ಟು ಜನ ಕೂತಿದ್ದಾರೆ ನೋಡಿ. ಎಕ್ಸ್-ರೇಗೆ ನಾನು ಮದ್ದು ಕೊಡುವುದಿಲ್ಲ. ಮಗುವಿಗೆ ನೋವಿದ್ದರೆ ಮಗುವನ್ನು ಕರೆದುಕೊಂಡು ಬನ್ನಿ" ಎಂದರು. ಸೋಮವಾರ ಮಗುವನ್ನೇ ಕರೆದುಕೊಂಡು ಹೋದರು. ಅವರು ನೋಡಿ, ಎಲ್ಲ ಚೆನ್ನಾಗಿದೆ, ಹೀಗೇ ಇರಲಿ ಎಂದರು. ಕಾಳಮ್ಮ ಸಮಾಧಾನದಿಂದ ಮರಳಿದಳು. ಮೌನಪ್ಪ ದಾರಿಯುದ್ದಕ್ಕೂ ಹಾಳೆಯನ್ನೇ ನೋಡುತ್ತಿದ್ದ.

ಅವನು ಹಾಳೆಯನ್ನು ಚಹಾದ ಅಂಗಡಿಗೆ ಒಯ್ದ. ಕ್ಷೌರದ ಅಂಗಡಿಗೆ ಒಯ್ದ. ಹಾಲಿನ ಡೇರಿಯ ಮುಂದೆ ನಿಂತವರಿಗೆ ತೋರಿಸಿದ. ಕೇಳಿದರೆ ಯಾರು ತಾನೇ ಗೊತ್ತಿಲ್ಲ ಎನ್ನುತ್ತಾರೆ? ಒಬ್ಬ, ಇದಕ್ಕೆ ತಂತಿ ಹಾಕಬೇಕಿತ್ತು ಎಂದ. ಇನ್ನೊಬ್ಬ, ಸರ್ಕಾರಿ ಆಸ್ಪತ್ರೆಯಲ್ಲಿ ಅಷ್ಟೇ ಎಂದ. ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದವನೂ ಒಬ್ಬನಿದ್ದ. ಅವನೂ ವಾರೆ ಇದೆ ಎಂದ.

ಮೌನಪ್ಪ ಜಿಲ್ಲಾ ಪಟ್ಟಣದ ದೊಡ್ಡ ಆಸ್ಪತ್ರೆಗೆ ಮಗುವನ್ನು ಕರೆದೊಯ್ದ. ಅಲ್ಲಿನ ಡಾಕ್ಟರು ಎರಡೂ ಹಾಳೆಗಳನ್ನು ನೋಡಿದರು. "ಸರಿಯಾಗಿ ಕೂಡಿಸಿದ್ದಾರೆ. ಈ ವಯಸ್ಸಿಗೆ ಆಪರೇಷನ್ ಬೇಕಿಲ್ಲ. ಎಲ್ಲಿ ತೋರಿಸುತ್ತಿದ್ದೀರೋ ಅಲ್ಲೇ ತೋರಿಸಿ" ಎಂದು ಕಳಿಸಿದರು.

ಈಗಲಾದರೂ ಮನುಷ್ಯ ನಂಬಬೇಕಲ್ಲ? ಇಬ್ಬರು ಒಂದೇ ಮಾತು ಹೇಳಿದರು. ಒಬ್ಬರಿಗೊಬ್ಬರ ಪರಿಚಯವೂ ಇರಲಿಲ್ಲ. ಆದರೆ ಮೌನಪ್ಪ ಬಸ್ಸಿನಲ್ಲಿ ಕೂತು ಹೆಂಡತಿಗೆ ಹೇಳಿದ್ದು ಇಷ್ಟು: "ಡಾಕ್ಟರು ಡಾಕ್ಟರನ್ನು ಬಿಟ್ಟುಕೊಡುತ್ತಾರೆಯೇ?"

ಇಷ್ಟರಲ್ಲಿ ಅಂಬು ಒಂದು ವಿಷಯ ಕಲಿತುಕೊಂಡಳು. ಇಲ್ಲ ಎಂದರೆ ಅಪ್ಪ ಹೋಗುವುದಿಲ್ಲ. ಮತ್ತೆ ಮತ್ತೆ ಕೇಳುತ್ತಾನೆ. ಮಂಚದ ಮೇಲೆ ಬಗ್ಗಿ, ಬೆರಳು ಹಿಡಿದು, ಮುಖ ನೋಡುತ್ತಾನೆ. ಒಂದು ದಿನ ಆಟ ಗೆಲ್ಲುವಂತಿತ್ತು. ಅಪ್ಪ ಬಂದ.

"ನೋಯುತ್ತಾ ಅಂಬು?"

"ಹ್ಞೂಂ. ಸ್ವಲ್ಪ."

ಮೌನಪ್ಪನ ಮುಖ ಬದಲಾಯಿತು. "ನನಗೆ ಗೊತ್ತಿತ್ತು" ಎಂದ. ಅವಳ ತಲೆ ಸವರಿ ಹೊರಗೆ ಹೋದ. ಅಂಬು ಆಟ ಮುಂದುವರಿಸಿ ಗೆದ್ದಳು. ಅಂದಿನಿಂದ ಅವನು ಯಾವಾಗ ಕೇಳಿದರೂ ಅವಳು ಹ್ಞೂಂ ಎನ್ನತೊಡಗಿದಳು. ಕೇಳಿದ ಕೂಡಲೇ ಹೇಳಿದರೆ ಅವನು ಬೇಗ ಹೋಗುತ್ತಿದ್ದ.

ಕಾಳಮ್ಮ ಇದನ್ನು ಕಂಡುಹಿಡಿದಳು. ಅಮ್ಮ ಕೇಳಿದರೆ ನೋವಿಲ್ಲ, ಅಪ್ಪ ಕೇಳಿದರೆ ನೋವಿದೆ. "ಅವಳು ನಿಮ್ಮ ಕಾಟ ತಡೆಯಲಾರದೆ ಹಾಗೆ ಹೇಳುತ್ತಿದ್ದಾಳೆ. ಅಷ್ಟೂ ತಿಳಿಯುವುದಿಲ್ಲವೇ?" ಎಂದು ಗಂಡನನ್ನು ಬೈದಳು. ಅವನು ಕೇಳಲಿಲ್ಲ. ಹೋಗಿ ಡಾಕ್ಟರಮ್ಮನನ್ನಾದರೂ ಕೇಳಬಹುದಿತ್ತು. ಮಗುವಿಗೆ ನೋವಿದ್ದರೆ ಕರೆದುಕೊಂಡು ಬನ್ನಿ ಎಂದು ಅವರೇ ಹೇಳಿದ್ದರು. ಅಲ್ಲಿಗೆ ಹೋಗಲಿಲ್ಲ. ಅವರು ಏನು ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಅದನ್ನು ಇನ್ನೊಮ್ಮೆ ಕೇಳುವುದು ಅವನಿಗೆ ಬೇಡವಾಗಿತ್ತು.

ಹೊಳೆಯಾಚೆಯ ಒಂದು ಹಳ್ಳಿಯಲ್ಲಿ ಎಲುಬು ಎಳೆದು ಕಟ್ಟುವವನೊಬ್ಬನಿದ್ದ. ಅವನ ವಿಷಯ ಚಹಾದ ಅಂಗಡಿಯಲ್ಲಿ ಕೇಳಿ ಬಂದಿತ್ತು. ಎಂಥ ವಾರೆಯನ್ನೂ ಒಂದೇ ಎಳೆತಕ್ಕೆ ನೆಟ್ಟಗೆ ಮಾಡುತ್ತಾನೆ ಎಂದಿದ್ದರು. ಕಾಳಮ್ಮನಿಗೆ ಹೇಳಿದರೆ ಬಿಡುವುದಿಲ್ಲ. ಅವಳು ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರುವುದೆಂದು ಹೊರಟಳು. ಅವಳು ಹತ್ತಿದ ಬಸ್ಸು ತಿರುವು ದಾಟುವುದನ್ನು ಕಾದು ಮೌನಪ್ಪ ಆಟೋ ಕರೆದ.

ಆ ಮನುಷ್ಯ ಮೋಸಗಾರನಲ್ಲ. ತನಗೆ ಗೊತ್ತಿದೆ ಎಂದು ನಂಬಿದ್ದವನು. ಪ್ಲಾಸ್ಟರನ್ನು ನೀರಿನಲ್ಲಿ ನೆನೆಸಿ ಚಾಕುವಿನಿಂದ ಸೀಳಿ ತೆಗೆದ. ಒಳಗೆ ಕಾಲು ಬೆಳ್ಳಗೆ ಬಡಕಲಾಗಿತ್ತು. ಗಿಣ್ಣಿನ ಮೇಲೆ ಬೆರಳಾಡಿಸಿದ. ಅಲ್ಲಿ ಸಣ್ಣ ಗಂಟು ಸಿಕ್ಕಿತು.

"ಇಲ್ಲೇ ನಿಂತುಬಿಟ್ಟಿದೆ ನೋಡು. ಇದನ್ನು ಹೀಗೇ ಬಿಟ್ಟರೆ ಜೀವಮಾನವೆಲ್ಲ ಹೀಗೇ" ಎಂದ.

ಅದು ಎಲುಬು ಕೂಡಿಕೊಳ್ಳುತ್ತಿದ್ದ ಗಂಟು. ಮುರಿದದ್ದು ವಾಸಿಯಾಗುತ್ತಿದೆ ಎಂಬುದಕ್ಕೆ ಗುರುತು. ಅದನ್ನು ಅವನಿಗೆ ಹೇಳುವವರು ಅಲ್ಲಿ ಇರಲಿಲ್ಲ. ಹೇಳಬಲ್ಲವರ ಹತ್ತಿರ ಮೌನಪ್ಪ ಹೋಗಿರಲಿಲ್ಲ.

"ಭುಜ ಗಟ್ಟಿಯಾಗಿ ಹಿಡಿ" ಎಂದ ಅವನು.

ಮೌನಪ್ಪ ಮಗಳನ್ನು ಚಾಪೆಯ ಮೇಲೆ ಮಲಗಿಸಿ ಎರಡೂ ಭುಜ ಒತ್ತಿ ಹಿಡಿದ. ಆ ಮನುಷ್ಯ ಅವಳ ಪಾದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಗ ಅಂಬುವಿಗೆ ಏನು ನಡೆಯಲಿದೆ ಎಂದು ಅರ್ಥವಾಯಿತು. ಅವಳು ಅಳಲಿಲ್ಲ. ಅಪ್ಪನ ಮುಖ ನೋಡಿ ಬೇಗ ಬೇಗ ಹೇಳಿದಳು.

"ಅಪ್ಪಾ, ನೋವಿಲ್ಲ. ನನಗೆ ನೋವೇ ಇರಲಿಲ್ಲ. ಸುಳ್ಳು ಹೇಳಿದೆ. ಇನ್ನು ಹೇಳುವುದಿಲ್ಲ. ಬೇಡ ಅನ್ನು ಅಪ್ಪಾ."

"ಹೆದರಬೇಡ ಕೂಸೇ. ಒಂದೇ ನಿಮಿಷ" ಎಂದ ಮೌನಪ್ಪ.

ಅಷ್ಟು ದಿನ ನಿಜ ಹೇಳು ನಿಜ ಹೇಳು ಎಂದು ಆ ಮಗುವಿನ ಪ್ರಾಣ ತಿಂದವನು. ಅವಳು ನಿಜ ಹೇಳಿದಾಗ, ಹೆದರಿ ಹೇಳುತ್ತಿದ್ದಾಳೆ ಎಂದುಕೊಂಡ.

ಎಳೆದಾಗ ಅವಳು ಕೂಗಿದ ಕೂಗು ಬೀದಿಯವರೆಗೆ ಕೇಳಿತು. ಆಟೋದವನು ಇಳಿದು ಬಂದು ಬಾಗಿಲಲ್ಲಿ ನಿಂತ. ಆ ಮನುಷ್ಯ ಬೆವರು ಒರೆಸಿಕೊಂಡು, ಬಂತು ಎಂದ. ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ. ಮೌನಪ್ಪ ಬಗ್ಗಿ ನೋಡಿದ. ಮಂಡಿಯಿಂದ ಬೆರಳಿನವರೆಗೆ ಕಾಲು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಅವನ ಮೈ ಸಡಿಲವಾಯಿತು. ಮಗಳು ಬಿದ್ದ ದಿನದಿಂದ ಮೊದಲ ಬಾರಿಗೆ ಅವನಿಗೆ ಹಸಿವಾಯಿತು.

ಸಂಜೆ ಕಾಳಮ್ಮ ಕೈಯಲ್ಲಿ ಕಾರ್ಯದ ಮನೆಯ ಸಿಹಿ ಹಿಡಿದು ಬಂದಳು. ಮಗು ಗೋಡೆಯ ಕಡೆ ತಿರುಗಿ ಮಲಗಿತ್ತು. ಬಿದಿರಿನ ದಬ್ಬೆ ನೋಡಿದಳು. ಗಂಡನನ್ನು ನೋಡಿದಳು. "ಈಗ ನೆಟ್ಟಗಿದೆ" ಎಂದ ಅವನು. ಅವಳು ಸಿಹಿಯ ಪೊಟ್ಟಣವನ್ನು ಅಲ್ಲೇ ನೆಲದ ಮೇಲೆ ಇಟ್ಟು ಮಗುವಿನ ಪಕ್ಕ ಕೂತಳು. ಅವನ ಜೊತೆ ಮಾತಾಡಲಿಲ್ಲ. ಬೈಯುವುದಕ್ಕೂ ಮನುಷ್ಯನಿಗೆ ಒಂದಿಷ್ಟು ಭರವಸೆ ಬೇಕು. ಅವಳಲ್ಲಿ ಅದು ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದಳು. ಮೌನಪ್ಪ ಹಿಂದೆ ಹೋದ. ಡಾಕ್ಟರಮ್ಮ ದಬ್ಬೆ ಬಿಚ್ಚಿಸಿ ಎಕ್ಸ್-ರೇ ತೆಗೆಸಿದರು. ನೋಡಿ ಹಾಳೆಯನ್ನು ಮೇಜಿನ ಮೇಲೆ ಇಟ್ಟರು.

"ಯಾರು ಮುಟ್ಟಿದ್ದು?"

ಕಾಳಮ್ಮ ಗಂಡನ ಕಡೆ ತೋರಿಸಿದಳು.

"ಅಮ್ಮಾ, ನೀವೇ ನೋಡಿ, ನೆಟ್ಟಗಿದೆ" ಎಂದ ಮೌನಪ್ಪ.

"ಹೌದು. ನೆಟ್ಟಗಿದೆ" ಎಂದರು ಅವರು. "ಅದು ನೆಟ್ಟಗಾಗುತ್ತದೆ ಎಂದು ನಾನು ಹೇಳಿದ್ದೆ. ನೀವು ಮುಟ್ಟದಿದ್ದರೂ ಆಗುತ್ತಿತ್ತು. ಈಗ ಬೆಳೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆರು ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ. ಕೆಟ್ಟಿದ್ದರೆ ಮೊದಲೇ ಗೊತ್ತಾಗಲಿ."

ಮತ್ತೆ ಪ್ಲಾಸ್ಟರ್ ಹಾಕಿದರು. ತೆಗೆಯುವ ಕಾಲಕ್ಕೆ ತೆಗೆದರು. ಅಂಬು ನಡೆದಳು, ಓಡಿದಳು. ಮೌನಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಡಾಕ್ಟರುಗಳಿಂದ ಆಗದ್ದನ್ನು ತಾನು ಮಾಡಿಸಿದೆ ಎಂದ. ಆರು ತಿಂಗಳಾದಾಗ ಕಾಳಮ್ಮ ನೆನಪಿಸಿದಳು. ನೆಟ್ಟಗಿರುವ ಕಾಲನ್ನು ಯಾಕೆ ತೋರಿಸಬೇಕು ಎಂದ. ಜಗಳವಾಯಿತು. ಕಾಳಮ್ಮ ಒಬ್ಬಳೇ ಕರೆದುಕೊಂಡು ಹೋದಳು. ಡಾಕ್ಟರಮ್ಮನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಮನೆಗೆ ಬಂದು ಅದನ್ನು ಹೇಳಿದಾಗ ಮೌನಪ್ಪ, ನೋಡಿದೆಯಾ ಎಂದ. ಅವಳು ಏನು ನೋಡಬೇಕಿತ್ತೋ ನನಗೂ ತಿಳಿಯದು.

ಮೊದಲು ತಿಳಿದದ್ದು ಚಪ್ಪಲಿಯಿಂದ. ಅಂಬುವಿನ ಬಲಗಾಲಿನ ಚಪ್ಪಲಿ ಹೊರಗಡೆಯ ಅಂಚಿನಲ್ಲಿ ಸವೆಯತೊಡಗಿತು. ಹೊಸದು ತಂದರೂ ಹಾಗೆಯೇ ಸವೆಯಿತು. ಆಮೇಲೆ ಪಾದ ಒಳಕ್ಕೆ ತಿರುಗುವುದು ಕಣ್ಣಿಗೇ ಕಂಡಿತು. ಎಲುಬಿನ ಒಳಮಗ್ಗುಲು ಬೆಳೆಯುವುದನ್ನು ನಿಲ್ಲಿಸಿತ್ತು. ಹೊರಮಗ್ಗುಲು ಬೆಳೆಯುತ್ತಲೇ ಇತ್ತು. ಅವಳು ಎತ್ತರವಾದಷ್ಟೂ ಕಾಲು ವಾರೆಯಾಯಿತು. ಅಡಿಪಟ್ಟಿಯಿಂದ ಅಳೆದು ನೆಟ್ಟಗೆ ಮಾಡಿಸಿದ ಕಾಲು ಅದು.

ಆಗ ಮೌನಪ್ಪ ಏನು ಮಾಡಿದ ಹೇಳು? ಮರ ತೆಗೆದುಕೊಂಡು ಕೂತ. ಹಗುರವಾದ ಮರ ಆರಿಸಿ, ಒಂದು ಕಡೆ ದಪ್ಪ ಒಂದು ಕಡೆ ತೆಳು ಮಾಡಿ, ಚಪ್ಪಲಿಯ ಕೆಳಗೆ ಅಂಟಿಸುವ ಅಟ್ಟೆ ಕೆತ್ತಿದ. ಬಹಳ ಚೆನ್ನಾಗಿ ಕೆತ್ತಿದ. ಅದನ್ನು ಹಾಕಿಕೊಂಡರೆ ಅವಳು ನೆಟ್ಟಗೆ ನಿಲ್ಲುತ್ತಿದ್ದಳು. ವರ್ಷ ಕಳೆದರೆ ಅದು ಸಾಲುತ್ತಿರಲಿಲ್ಲ. ಇನ್ನೂ ದಪ್ಪನೆಯದು ಕೆತ್ತುತ್ತಿದ್ದ. ಶಾಲೆಯ ಮಕ್ಕಳು ಅವಳ ಚಪ್ಪಲಿಯ ಸದ್ದು ಕೇಳಿ ಅವಳು ಬರುವುದನ್ನು ಹೇಳುತ್ತಿದ್ದರು.

ಅಂಬುವಿಗೆ ಹನ್ನೊಂದು ವರ್ಷವಾದಾಗ ಶಾಲೆಯ ಮೇಡಂ ಒಬ್ಬರು ಹಟ ಹಿಡಿದು ಕಾಳಮ್ಮನನ್ನು ಮಗಳೊಂದಿಗೆ ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರುಗಳು ಎಲುಬು ಕತ್ತರಿಸಿ, ತಿರುಗಿಸಿ, ಲೋಹದ ಪಟ್ಟಿ ಹಾಕಿ ಕೂಡಿಸಿದರು. ಅಂದು ಬೇಡವೇ ಬೇಡ ಎಂದಿದ್ದ ಆಪರೇಷನ್ ಈಗ ಮಾಡಲೇಬೇಕಾಯಿತು. ಪಾದ ಸರಿಯಾಯಿತು. ಆ ಕಾಲು ಮಾತ್ರ ಇನ್ನೊಂದಕ್ಕಿಂತ ಸ್ವಲ್ಪ ಗಿಡ್ಡವಾಗಿಯೇ ಉಳಿಯಿತು. ಅವಳು ಚೆನ್ನಾಗಿ ಓದಿದಳು, ಈಗ ಕೆಲಸದಲ್ಲಿದ್ದಾಳೆ, ತುಸು ಕುಂಟಿಕೊಂಡು ಎಲ್ಲ ಕಡೆ ಓಡಾಡುತ್ತಾಳೆ. ಆ ಕಾಲಿನ ಬಗ್ಗೆ ಅಷ್ಟೇ.

ಇನ್ನೊಂದಿದೆ. ಆಪರೇಷನ್ ಆದ ಮರುದಿನ ಮೌನಪ್ಪ ಅವಳ ಮಂಚದ ಪಕ್ಕ ನಿಂತಿದ್ದ. ಅವನ ಕೂದಲು ಅಷ್ಟರಲ್ಲಿ ಪೂರ್ತಿ ಬೆಳ್ಳಗಾಗಿತ್ತು. ಅವಳು ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಹಣೆಯಲ್ಲಿ ಬೆವರಿತ್ತು.

"ನೋಯುತ್ತಾ ಅಂಬು?" ಎಂದು ಕೇಳಿದ.

ಅವಳು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಕೇಳಿದ. ಅವಳು ಕಣ್ಣು ಮುಚ್ಚಿಕೊಂಡಳು. ಕಾಳಮ್ಮ ಒಳಗೆ ಬಂದಾಗ ಕಣ್ಣು ತೆರೆದು, "ಅಮ್ಮಾ, ತುಂಬಾ ನೋಯುತ್ತಿದೆ, ನರ್ಸ್ ಅಕ್ಕನನ್ನು ಕರಿ" ಎಂದಳು. ಮೌನಪ್ಪ ಅಲ್ಲೇ ನಿಂತಿದ್ದ. ತನ್ನ ಮೈಯಲ್ಲಿ ಏನಾಗುತ್ತಿದೆ ಎಂಬುದನ್ನು ಅವಳು ಅವನಿಗೆ ಹೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಜ್ವರ ಬಂದರೆ ಹೇಳುತ್ತಿರಲಿಲ್ಲ. ಮುಳ್ಳು ಚುಚ್ಚಿದರೆ ತಾನೇ ತೆಗೆದುಕೊಳ್ಳುತ್ತಿದ್ದಳು. ಅವನ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ಹೇಳಿದರೆ ಅವನು ಏನಾದರೂ ಮಾಡಿಬಿಡುತ್ತಾನೆ ಎಂದು ಅವಳಿಗೆ ಭಯವಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕತೆ ಮುಗಿಯಿತೆಂದು ತಿಳಿದ ಮೇಲೆ ಚೆನ್ನವೀರ ಕೇಳಿದ.

"ಹಾಗಾದರೆ ತಪ್ಪನ್ನು ತಿದ್ದಲೇಬಾರದೇ ಗುರುಗಳೇ?"

ಗುರುಗಳಿಗೆ ಸಿಟ್ಟು ಬಂತು. "ಡಾಕ್ಟರಮ್ಮ ತಿದ್ದಲಿಲ್ಲವೇನಯ್ಯಾ? ಅವರು ಕೈ ಕಟ್ಟಿ ಕೂತಿದ್ದರೇ? ಎಷ್ಟು ಬೇಕೋ ಅಷ್ಟು ಎಳೆದರು, ಕಟ್ಟಿದರು, ಮತ್ತೆ ಮತ್ತೆ ಕರೆಸಿ ನೋಡಿದರು. ಇಷ್ಟು ಹೊತ್ತು ಏನು ಕೇಳಿಸಿಕೊಂಡೆ ನೀನು?"

ಚೆನ್ನವೀರ ತಲೆ ತಗ್ಗಿಸಿದ. ಆದರೂ ಅವನ ಮನಸ್ಸು ಒಪ್ಪಲಿಲ್ಲ.

"ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಬಡಗಿ ಕೆಟ್ಟವನಲ್ಲ. ಮಗಳೆಂದರೆ ಅವನಿಗೆ ಪ್ರಾಣ. ಅವಳ ಕಾಲು ಹಾಗಿರುವುದನ್ನು ನೋಡಿ ಅವನಿಗೆ ನೋವಾಗುತ್ತಿತ್ತಲ್ಲವೇ?"

"ಆಗುತ್ತಿತ್ತು" ಎಂದರು ಗುರುಗಳು. "ತನ್ನ ನೋವಿಗೆ ಅವನು ಮಗಳ ಕಾಲು ಎಳೆಸಿದ."